ಹೆಸರೇ ಕಾಣದ ಬ್ಯಾಗಿಗೆ ಎರಡೂವರೆ ಲಕ್ಷ ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಡಿಸೆಂಬರಿನಲ್ಲಿ ಅವಳ ಮದುವೆ. ಒಂದು ಒಳ್ಳೆ ಬ್ಯಾಗ್ ಕೊಡಿಸೋಣ ಅಂತ, ಯಾವುದು ಬೇಕು ಎಂದು ಕೇಳಿದೆ. ಫೋನಿನಲ್ಲಿ ತೋರಿಸಿದ್ದು ಇಟಲಿಯದು. ಚರ್ಮದ ಪಟ್ಟಿಗಳನ್ನು ಹೆಣೆದು ಮಾಡಿದ್ದು. ಹೊರಗೆಲ್ಲೂ ಹೆಸರಿಲ್ಲ, ಗುರುತಿಲ್ಲ. ಬೆಲೆ ಮಾತ್ರ ಎರಡೂವರೆ ಲಕ್ಷದ ಮೇಲೆ. ಅಷ್ಟು ಕೊಟ್ಟ ಮೇಲೆ ಹೆಸರಾದರೂ ಕಾಣಬೇಡವಾ ಅಂದರೆ, "ಅಪ್ಪಯ್ಯ, ಹೆಸರು ಕಾಣೋದನ್ನ ಈಗ ಯಾರೂ ಹಿಡ್ಕೊಳಲ್ಲ" ಅಂತಾಳೆ. ಇದು ನಿಜಕ್ಕೂ ಒಳ್ಳೆ ಮಾಲಾ, ಶೋಕಿಯಾ, ಇಲ್ಲಾ ಟೋಪಿ ಹಾಕೋ ಕೆಲಸವಾ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನೀವು ಕೇಳಿದ ಮೂರೂ ಅದರಲ್ಲಿ ಸ್ವಲ್ಪ ಸ್ವಲ್ಪ ಇದೆ. ಯಾವುದು ಎಷ್ಟು ಅನ್ನೋದೇ ವಿಷಯ.

ನೀವು ಬರೆದದ್ದನ್ನು ನೋಡಿದರೆ ಅದು ಬೊಟ್ಟೆಗಾ ವೆನೆಟಾ ಕಂಪನಿಯದೇ ಇರಬೇಕು. 1966ರಲ್ಲಿ ಇಟಲಿಯ ವಿಚೆಂಜಾ ಊರಿನಲ್ಲಿ ಶುರುವಾದದ್ದು. ನೋಡಿ, ನಾನು ಆ ಬ್ಯಾಗ್ ಕಂಡಿಲ್ಲ, ಹೆಸರು ಓದಿಲ್ಲ. ನೀವು ಹೆಣೆದ ಚರ್ಮ ಅಂದಿರಿ, ನಾನು ಕಂಪನಿ ಹೇಳಿದೆ. ಹೊರಗೆ ಹೆಸರು ಯಾಕಿಲ್ಲ ಅನ್ನೋದಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು ಅಲ್ವಾ?

ಆ ಹೆಣಿಗೆಯ ಹಿಂದೆ ಒಂದು ಕಥೆ ಹೇಳುತ್ತಾರೆ. ಶುರುವಿನಲ್ಲಿ ಅವರ ಹತ್ತಿರ ಇದ್ದದ್ದು ಬಟ್ಟೆ ಹೊಲಿಯುವ ಮಿಷನ್‌ಗಳಂತೆ. ದಪ್ಪ ಚರ್ಮಕ್ಕೆ ಸೂಜಿ ಇಳಿಯುತ್ತಿರಲಿಲ್ಲ. ಹಾಗಾಗಿ ತೆಳುವಾದ, ಮೆತ್ತಗಿನ ಚರ್ಮ ತೆಗೆದುಕೊಂಡು, ಪಟ್ಟಿ ಕತ್ತರಿಸಿ ಹೆಣೆದರು. ಹೆಣೆದರೆ ತೆಳು ಚರ್ಮಕ್ಕೂ ಬಲ ಬರುತ್ತದೆ. ಕೈಲಾಗದ್ದಕ್ಕೆ ಕಂಡುಕೊಂಡ ಉಪಾಯವೇ ಮುಂದೆ ಕಂಪನಿಯ ಗುರುತಾಯಿತು. 1970ರ ದಶಕದಲ್ಲಿ ಅವರ ಜಾಹೀರಾತು ಹೇಳುತ್ತಿದ್ದದ್ದೂ ಇದನ್ನೇ: ನಿಮ್ಮ ಹೆಸರಿನ ಮೊದಲಕ್ಷರಗಳೇ ಸಾಕು, ನಮ್ಮದು ಬೇಡ.

1990ರ ದಶಕದ ಕೊನೆಗೆ ಅವರಿಗೂ ಆಸೆ ಹುಟ್ಟಿತು. ಎಲ್ಲರ ಹಾಗೆ ತಾವೂ ಹೆಸರು ಬಳಿದುಕೊಂಡರು. ಅದು ಕೈ ಹಿಡಿಯಲಿಲ್ಲ. 2001ರಲ್ಲಿ ಗುಚಿ ಎಂಬ ಇನ್ನೊಂದು ದೊಡ್ಡ ಬ್ರಾಂಡಿನ ಗುಂಪು ಈ ಕಂಪನಿಯನ್ನು ಕೊಂಡಿತು. ಹೊಸದಾಗಿ ಬಂದ ವಿನ್ಯಾಸಕಾರ ಟೋಮಸ್ ಮೇಯರ್ ಲೋಗೋಗಳನ್ನೆಲ್ಲ ಕಿತ್ತುಹಾಕಿ ಮತ್ತೆ ಹೆಣಿಗೆಗೇ ಬಂದ. ವ್ಯಾಪಾರ ಆಮೇಲೆ ಚೇತರಿಸಿಕೊಂಡಿತು.

ಇನ್ನೂ ಒಂದು ವಿಷಯ ಕೇಳಿ. 2013ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ಆ ಹೆಣಿಗೆಯನ್ನೇ ಕಂಪನಿಯ ಗುರುತು ಎಂದು ಒಪ್ಪಿಕೊಂಡಿತು. 8ರಿಂದ 12 ಮಿಲಿಮೀಟರ್ ಅಗಲದ ಒಂದೇ ಅಳತೆಯ ಪಟ್ಟಿಗಳು, 45 ಡಿಗ್ರಿ ಓರೆಯಲ್ಲಿ, ಬ್ಯಾಗಿನ ಮೈತುಂಬ ಇರಬೇಕು ಅಂತ ಲೆಕ್ಕ. ಅಂದರೆ ಕಾನೂನಿನ ಕಣ್ಣಲ್ಲಿ ನಿಮ್ಮ ಮಗಳು ಕೇಳಿದ ಬ್ಯಾಗಿನ ಮೇಲೆ ಲೋಗೋ ಇದೆ. ಒಂದು ಮೂಲೆಯಲ್ಲಿ ಇಲ್ಲ, ಇಡೀ ಬ್ಯಾಗೇ ಲೋಗೋ. ಓದಲು ಬರುವವರಿಗೆ ಮಾತ್ರ ಕಾಣುತ್ತದೆ, ಅಷ್ಟೇ.

ಇದು ನಿಮಗೆ ಹೊಸದೇನೂ ಅಲ್ಲ. ಸರಕು ಅನ್ನೋ ಮೇಲ್ದರ್ಜೆಯ ನಿಮ್ಮ ಅಡಿಕೆಯ ಚೀಲದ ಮೇಲೆ ಏನು ಬರೆದಿರುತ್ತದೆ? ಮಂಡಿಯವರು ಒಂದು ಹಿಡಿ ತೆಗೆದು, ಬಣ್ಣ ನೋಡಿ, ಒಂದೆರಡು ಕತ್ತರಿಸಿ ನೋಡಿ ರೇಟು ಹೇಳುತ್ತಾರೆ. ರಾಶಿ ಇಡಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಅಂತ ಬೋರ್ಡ್ ಹಾಕಿ ತಿಳಿಸಬೇಕಾಗಿಲ್ಲ. ಬೆಂಗಳೂರಿನಿಂದ ಬಂದ ನೆಂಟರಿಗೆ ಎಲ್ಲವೂ ಅಡಿಕೆಯೇ. ನಿಮ್ಮ ಮಗಳ ಬ್ಯಾಗಿನ ಮುಂದೆ ಆ ನೆಂಟರ ಜಾಗದಲ್ಲಿ ನೀವಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ.

ಹಾಗಾದರೆ ಲೋಗೋ ಹೊರಗೆ ಬಂದದ್ದಾದರೂ ಯಾಕೆ? ಲೂಯಿ ವಿಟಾನ್ ಕಂಪನಿಯ ಎಲ್ ವಿ ಅಕ್ಷರಗಳ ಚಿತ್ತಾರ ಬಂದದ್ದು 1896ರಲ್ಲಿ. ಪ್ಯಾರಿಸ್ಸಿನಲ್ಲಿ ಅವರ ಪ್ರಯಾಣದ ಪೆಟ್ಟಿಗೆಗಳನ್ನು ಕಂಡಕಂಡವರು ನಕಲು ಮಾಡುತ್ತಿದ್ದರು. ಅದನ್ನು ತಡೆಯಲು ಸ್ಥಾಪಕನ ಮಗ ಜಾರ್ಜ್ ಈ ಚಿತ್ತಾರ ತಂದ. ಇವತ್ತು ಅದೇ ಚಿತ್ತಾರದ ನಕಲಿ ಬ್ಯಾಗು ಯಾವ ಊರಿನ ಫುಟ್‌ಪಾತಿನಲ್ಲಿ ಬೇಕಾದರೂ ಸಿಗುತ್ತದೆ. 1933ರಲ್ಲಿ ಫ್ರಾನ್ಸಿನ ಟೆನಿಸ್ ಆಟಗಾರ ರೆನೆ ಲಾಕೋಸ್ಟ್ ಅಂಗಿಯ ಎದೆ ಮೇಲೆ ಮೊಸಳೆ ಕೂರಿಸಿ ಮಾರಿದ. ಬಟ್ಟೆಯ ಒಳಗಿದ್ದ ಗುರುತು ಎದುರಿಗಿದ್ದವರಿಗೆ ಕಾಣುವ ಹಾಗೆ ಹೊರಗೆ ಬಂತು.

ನನ್ನ ಅಭಿಪ್ರಾಯ ಕೇಳಿದರೆ, ಲೋಗೋ ಬೇಕಾಗುವುದು ಅಪರಿಚಿತರ ಮಧ್ಯೆ. ನಮ್ಮ ಮಲೆನಾಡಿನ ಹಳೇ ಜಮೀನ್ದಾರರನ್ನು ನೆನಪು ಮಾಡಿಕೊಳ್ಳಿ. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲು. ಯಾರ ತೋಟ ಎಷ್ಟು ಎಕರೆ, ಯಾರ ಮನೆಗೆ ಎಷ್ಟು ಅಂಕಣ ಅಂತ ಊರಿಗೇ ಗೊತ್ತಿರುವಾಗ ಅಂಗಿ ಮೇಲೆ ಬರೆಸಿಕೊಳ್ಳುವ ದರ್ದು ಅವರಿಗೆ ಇರಲಿಲ್ಲ. ಅದೇ ಮನೆಯ ಹುಡುಗ ಬೆಂಗಳೂರಿಗೆ ಹೋಗಿ ಮೆಟ್ರೋದಲ್ಲಿ ನಿಂತರೆ ಅವನು ಯಾರ ಮಗ ಅಂತ ಯಾರಿಗೆ ಗೊತ್ತು? ಅಲ್ಲಿ ಮೊಸಳೆ ಕೆಲಸಕ್ಕೆ ಬರುತ್ತದೆ. ಕೆಲವು ವರ್ಷ ಕಳೆದು, ಅವನಿಗೆ ಅಲ್ಲೇ ಒಂದು ಬಳಗ ಆದ ಮೇಲೆ, ಮೊಸಳೆ ಮತ್ತೆ ಬೇಡವಾಗುತ್ತದೆ. ಬಳಗದವರಿಗೆ ಬಟ್ಟೆ ನೋಡಿದರೆ ಸಾಕು.

ಶಿವಮೊಗ್ಗದಲ್ಲಿ ನನ್ನ ಹೊಲಿಗೆ ಅಂಗಡಿಗೆ ಬರುವ ಹುಡುಗರಲ್ಲೂ ಈ ಬದಲಾವಣೆ ಕಾಣುತ್ತಿದೆ. ಮುಂಚೆ ಜೇಬಿನ ಮೇಲೆ ಇಂಥ ಕಂಪನಿಯ ಗುರುತು ಹೊಲಿದುಕೊಡಿ ಅಂತ ಕೇಳುತ್ತಿದ್ದರು. ನಾನು ಹೊಲಿದುಕೊಡುತ್ತಿರಲಿಲ್ಲ, ಅದು ಬೇರೆ ಮಾತು. ಈಗ ಒಬ್ಬೊಬ್ಬರು ಬಂದು ಇದ್ದ ಗುರುತನ್ನೇ ಬಿಚ್ಚಿಕೊಡಿ ಅನ್ನುತ್ತಾರೆ. ಅದು ಅಷ್ಟು ಸುಲಭವಲ್ಲ. ಕಸೂತಿಯ ದಾರವನ್ನು ಒಳಗಿನಿಂದ ಕತ್ತರಿಸಿ ತೆಗೆಯಬೇಕು. ಹಿಂದೆ ಅಂಟಿಸಿದ ಗಟ್ಟಿ ಬಟ್ಟೆ ಕೀಳಬೇಕು. ಸೂಜಿ ತೂತುಗಳಿಗೆ ಹಬೆ ಕೊಟ್ಟು, ಉಗುರಿನಲ್ಲಿ ಎಳೆಗಳನ್ನು ಮೆಲ್ಲಗೆ ಕೂಡಿಸಬೇಕು. ಇಷ್ಟೆಲ್ಲ ಮಾಡಿದರೂ ಅಂಗಿ ಹಳೆಯದಾಗಿದ್ದರೆ ಸುತ್ತಲ ಬಣ್ಣ ಮಾಸಿ, ಗುರುತು ಇದ್ದ ಕಡೆ ಮಾತ್ರ ಗಾಢವಾಗಿ ಉಳಿದಿರುತ್ತದೆ. ಮೊಸಳೆ ಹೋದರೂ ಮೊಸಳೆಯ ಆಕಾರ ಹೋಗುವುದಿಲ್ಲ.

ಇದರ ಮೇಲೆ ಅಧ್ಯಯನಗಳೂ ಆಗಿವೆ. 2010ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಬರೆದವು. ಹಾನ್, ನ್ಯೂನ್ಸ್, ಡ್ರೇಜ್ ಎಂಬ ಮೂವರು ಲೂಯಿ ವಿಟಾನ್, ಗುಚಿ ಬ್ಯಾಗುಗಳ ಬೆಲೆ ನೋಡಿದರು. ಒಂದೇ ಕಂಪನಿಯಲ್ಲಿ ಲೋಗೋ ದೊಡ್ಡದಾಗಿ ಕೂಗುವ ಬ್ಯಾಗಿಗಿಂತ ಲೋಗೋ ಅಡಗಿರುವ ಬ್ಯಾಗಿಗೆ ಬೆಲೆ ಜಾಸ್ತಿ ಇತ್ತು. ಬರ್ಗರ್ ಮತ್ತು ವಾರ್ಡ್ ಎಂಬ ಇನ್ನಿಬ್ಬರು ಕಂಡದ್ದು ಹೀಗೆ: ತೀರಾ ಅಗ್ಗದ ಮಾಲಿನ ಮೇಲೆ ಹೆಸರು ಕಡಿಮೆ, ಮಧ್ಯಮ ಬೆಲೆಯದರ ಮೇಲೆ ಜಾಸ್ತಿ, ತೀರಾ ದುಬಾರಿಯದರ ಮೇಲೆ ಮತ್ತೆ ಕಡಿಮೆ. ಆ ಲೋಕದ ಒಳಗಿರುವವರು ಸಣ್ಣ ಗುರುತನ್ನೇ ಇಷ್ಟಪಡುತ್ತಾರೆ. ಹೊರಗಿನವರು ಅದನ್ನು ನೋಡಿ ಅಗ್ಗದ್ದು ಅಂದುಕೊಂಡರೂ ಅವರಿಗೆ ಚಿಂತೆಯಿಲ್ಲ. ಒಂದು ಕಡೆಯಿಂದ ಖುಷಿಯೂ ಇರುತ್ತದೆ ಅಂತ ನನಗನ್ನಿಸುತ್ತದೆ.

ಹಾಗಾಗಿ ಶೋಕಿಯಾ ಅಂದರೆ, ಹೌದು. ತೋರಿಸಿಕೊಳ್ಳುವುದು ಇದರಲ್ಲೂ ಇದೆ. ನೂರು ಜನರಿಗೆ ತೋರಿಸುವ ಬದಲು ಆರು ಜನರಿಗೆ ತೋರಿಸುವುದು. ಆ ಆರು ಜನರ ಒಪ್ಪಿಗೆಗೆ ಬೆಲೆ ಜಾಸ್ತಿ. ಇದರಲ್ಲಿ ತಪ್ಪೇನಿದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಮೈಸೂರು ಸಿಲ್ಕ್ ಉಟ್ಟು ಮದುವೆಗೆ ಹೋಗುವವರು ಮಾಡುವುದೂ ಇದನ್ನೇ. 1912ರಿಂದ ನೇಯುತ್ತಿರುವ ಸೀರೆ. ಒಡಲೆಲ್ಲ ಒಂದೇ ಬಣ್ಣ, ಅಂಚಿಗೆ ಜರಿ. ಎದ್ದು ಕಾಣುವ ಹೆಸರಿಲ್ಲ. ಅಸಲಿ ಅನ್ನೋದಕ್ಕೆ ನಂಬರು, ಹಾಲೋಗ್ರಾಂ ಇರುತ್ತವೆ, ಅದನ್ನು ತಿರುಗಿಸಿ ನೋಡುವವರು ಯಾರು? ಆದರೂ ಕಲ್ಯಾಣ ಮಂಟಪದ ಬಾಗಿಲಲ್ಲಿ ಕೂತ ಅತ್ತೆ, ಚಿಕ್ಕಮ್ಮಂದಿರಿಗೆ ಸೀರೆ ಬೀಳುವ ರೀತಿ ನೋಡಿಯೇ ಗೊತ್ತಾಗುತ್ತದೆ. ಹೆಗ್ಗೋಡಿನ ಚರಕ ಎಂಬ ಕೈಮಗ್ಗದ ಸಂಘದ ಜುಬ್ಬವೂ ಹಾಗೇ. ಕೈಮಗ್ಗದ ಹತ್ತಿ, ಅಡಿಕೆ ಚೊಗರಿನಂಥ ಸಹಜ ಬಣ್ಣ, ಎಲ್ಲೂ ಹೆಸರು ಕಾಣುವುದಿಲ್ಲ. ಅದೇ ಊರಿನ ನೀನಾಸಂ ನಾಟಕ ಸಂಸ್ಥೆಯ ಅಂಗಳದಲ್ಲಿ ಅದನ್ನು ಹಾಕಿಕೊಂಡು ನಿಂತವರನ್ನು ನೋಡಿದರೆ ಅವರ ಓದು, ಅಭಿರುಚಿ ಎಲ್ಲದರ ಮೇಲೂ ಒಂದು ಅಂದಾಜು ಬಂದುಬಿಡುತ್ತದೆ. ಎರಡೂವರೆ ಲಕ್ಷವೇನೂ ಖರ್ಚಿಲ್ಲ.

ಇನ್ನು ಮಾಲಿನ ವಿಷಯ. ನಾನು ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ತಪಾಸಣೆ ಮಾಡುತ್ತಿದ್ದವಳು. ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಲೋಗೋ ಇಲ್ಲದ ಬಟ್ಟೆಗೆ ಅಡಗಿಕೊಳ್ಳಲು ಜಾಗವಿಲ್ಲ. ಎದೆ ಮೇಲೆ ದೊಡ್ಡ ಹೆಸರಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಏನೂ ಇಲ್ಲದಿದ್ದರೆ ಭುಜ ಹೇಗೆ ಕೂತಿದೆ, ಕಾಲರ್ ಹೇಗೆ ಮಡಚಿದೆ ಅನ್ನೋದೇ ಕಾಣುತ್ತದೆ. ಒಳ್ಳೆಯ ಅಂಗಿಯಲ್ಲಿ ಹೊಲಿಗೆ ಒತ್ತಾಗಿರುತ್ತದೆ. ಸಾಧಾರಣ ಅಂಗಿಯಲ್ಲಿ ಇಂಚಿಗೆ ಹತ್ತು-ಹನ್ನೆರಡು ಇದ್ದರೆ, ಇದರಲ್ಲಿ ಹದಿನೆಂಟು-ಇಪ್ಪತ್ತು. ಪಟ್ಟೆಪಟ್ಟೆ ಅಂಗಿಯಾದರೆ ಜೇಬಿನ ಪಟ್ಟೆ ಮೈಯ ಪಟ್ಟೆಗೆ ಗೆರೆ ತಪ್ಪದೆ ಕೂಡುತ್ತದೆ. ಗುಂಡಿ ಪ್ಲಾಸ್ಟಿಕ್ಕಿನದೋ ಚಿಪ್ಪಿನದೋ ತಿಳಿಯಬೇಕಾದರೆ ಕೆನ್ನೆಗೆ ತಾಗಿಸಿ. ಚಿಪ್ಪಿನದು ತಣ್ಣಗಿರುತ್ತದೆ.

ಉಣ್ಣೆಯಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್). ಆಡಿನ ನಯವಾದ ಉಣ್ಣೆ ಕ್ಯಾಶ್ಮೀರ್ ಅನ್ನಿಸಿಕೊಳ್ಳಬೇಕಾದರೆ ಸರಾಸರಿ 19 ಮೈಕ್ರಾನ್ ಮೀರಬಾರದು. ಲಡಾಖಿನ ಚಾಂಗ್‌ಥಾಂಗ್ ಆಡುಗಳ ಪಶ್ಮಿನಾ 12ರಿಂದ 15ರ ಆಸುಪಾಸು. ಚಳಿಗೆ ಬೆಳೆದ ಒಳಗೂದಲನ್ನು ವಸಂತದಲ್ಲಿ ಬಾಚಿ ತೆಗೆಯುತ್ತಾರೆ. ಸೋಸಿದ ಮೇಲೆ ಒಂದು ಆಡಿಗೆ ಉಳಿಯುವುದು ಇನ್ನೂರು ಗ್ರಾಮಿಗೂ ಕಡಿಮೆ. ಒಂದು ಸ್ವೆಟರಿಗೆ ಎರಡು-ಮೂರು ಆಡಾದರೂ ಬೇಕು. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ವಿಕುನ್ಯಾ ಎಂಬ ಕಾಡುಪ್ರಾಣಿಯದು 12-13 ಮೈಕ್ರಾನ್. ಅದನ್ನು ಸಾಕಲಾಗುವುದಿಲ್ಲ. ಊರ ಜನ ಸಾಲಾಗಿ ನಿಂತು ಅಟ್ಟಿಕೊಂಡು ಬಂದು, ಉಣ್ಣೆ ಕತ್ತರಿಸಿ ಮತ್ತೆ ಕಾಡಿಗೆ ಬಿಡುತ್ತಾರೆ. ಅದೂ ಎರಡು ವರ್ಷಕ್ಕೊಮ್ಮೆ, ಸಿಗುವುದು ಕಾಲು ಕೆ.ಜಿ. ಒಳಗೆ. ಇಟಲಿಯ ಲೋರೊ ಪಿಯಾನಾ ಎಂಬ ಕಂಪನಿ ಇಂಥ ಉಣ್ಣೆಗೇ ಹೆಸರುವಾಸಿ. ಅವರ ಬಟ್ಟೆಯ ಹೊರಗೂ ಹೆಸರು ಹುಡುಕಬೇಕು. ಕಣ್ಣು ಮುಚ್ಚಿ ಮುಟ್ಟಿದರೂ ವ್ಯತ್ಯಾಸ ತಿಳಿಯುವಂಥ ಮಾಲು ಅದು, ಅದರಲ್ಲಿ ಅನುಮಾನವಿಲ್ಲ.

ಆದರೆ ಮಾಲು ಎಷ್ಟೇ ಒಳ್ಳೆಯದಿದ್ದರೂ ಬೆಲೆ ಅದಕ್ಕಿಂತ ಬೇಗ ಏರುತ್ತದೆ. ಐನೂರರ ಬ್ಯಾಗಿಗೂ ಐದು ಸಾವಿರದ ಬ್ಯಾಗಿಗೂ ಅಜಗಜಾಂತರ. ಐದು ಸಾವಿರಕ್ಕೂ ಇಪ್ಪತ್ತು ಸಾವಿರಕ್ಕೂ ವ್ಯತ್ಯಾಸ ಇದೆ, ಕೈಗೆ ಗೊತ್ತಾಗುತ್ತದೆ. ಇಪ್ಪತ್ತು ಸಾವಿರದಿಂದ ಎರಡೂವರೆ ಲಕ್ಷಕ್ಕೆ ಹೋದಾಗ ಮಾಲು ಸ್ವಲ್ಪ ಮೇಲೇರುತ್ತದೆ, ಬೆಲೆ ಮುಗಿಲು ಮುಟ್ಟುತ್ತದೆ. ಚರ್ಮ, ಕೂಲಿ ಎರಡೂ ಸೇರಿದರೂ ಅದರಲ್ಲಿ ಸಣ್ಣ ಪಾಲು. ಮಿಕ್ಕಿದ್ದು ಅಂಗಡಿ ಬಾಡಿಗೆ, ಪ್ರಚಾರ, ಆಮದು ಸುಂಕ, ತೆರಿಗೆ, ಲಾಭ. ನಾನು ಮೇಲೆ ಹೇಳಿದ ಆರು ಜನರ ಬೆಲೆಯೂ ಇದರಲ್ಲೇ ಬಂತು.

ನೀವು ಟೋಪಿ ಅಂದಿರಲ್ಲ, ಅದರ ಬಗ್ಗೆಯೂ ಒಂದು ಮಾತು. ಹೆಸರು ತೋರಿಸದವರು ಸಜ್ಜನರು, ತೋರಿಸುವವರು ಬರೀ ವ್ಯಾಪಾರಿಗಳು ಅನ್ನುವ ಭಾವನೆ ಒಂದಿದೆ. ಅದನ್ನು ನಂಬಬೇಡಿ. ಬೊಟ್ಟೆಗಾ ವೆನೆಟಾ, ಗುಚಿ ಎರಡೂ ಕೆರಿಂಗ್ ಎಂಬ ಒಂದೇ ಗುಂಪಿನವು. ಲೋರೊ ಪಿಯಾನಾದ 80 ಶೇಕಡಾ ಪಾಲನ್ನು 2013ರಲ್ಲಿ 200 ಕೋಟಿ ಯುರೋ ಕೊಟ್ಟು ಕೊಂಡದ್ದು ಲೂಯಿ ವಿಟಾನ್ ಇರುವ ಎಲ್‌ವಿಎಂಎಚ್ ಗುಂಪು. ಲೋಗೋ ಬೇಕಾದವರಿಗೆ ಒಂದು ಅಂಗಡಿ, ಬೇಡವಾದವರಿಗೆ ಇನ್ನೊಂದು. ಗಲ್ಲಾಪೆಟ್ಟಿಗೆ ಒಂದೇ. 2025ರ ಜುಲೈನಲ್ಲಿ ಮಿಲಾನ್ ನ್ಯಾಯಾಲಯ ಲೋರೊ ಪಿಯಾನಾವನ್ನು ಒಂದು ವರ್ಷ ತನ್ನ ನಿಗಾದಲ್ಲಿ ಇಟ್ಟಿತು. ಉಪಗುತ್ತಿಗೆಯ ವರ್ಕ್‌ಶಾಪುಗಳಲ್ಲಿ ಕೆಲಸಗಾರರ ಶೋಷಣೆ ಆಗುತ್ತಿದ್ದರೂ ಕಂಪನಿ ಸರಿಯಾಗಿ ನೋಡಿಕೊಂಡಿಲ್ಲ ಅನ್ನೋದು ಕಾರಣ. ತಮಗೆ ಗೊತ್ತಿರಲಿಲ್ಲ, ಗೊತ್ತಾದ ಕೂಡಲೇ ಆ ಗುತ್ತಿಗೆದಾರರ ಸಂಬಂಧ ಕಡಿದುಕೊಂಡೆವು ಅಂತ ಕಂಪನಿ ಹೇಳಿತು. ಅಷ್ಟು ಬೆಲೆ ತಗೊಳ್ಳುವವರಿಗೆ ತಮ್ಮ ಬಟ್ಟೆಯನ್ನು ಎಲ್ಲಿ, ಯಾರು ಹೊಲಿಯುತ್ತಾರೆ ಅಂತ ಗೊತ್ತಿರಬೇಕು ಅನ್ನೋದು ನನ್ನ ಮಾತು. ನನ್ನ ಸಣ್ಣ ಅಂಗಡಿಯಲ್ಲಿ ಕಾಜಾ ಯಾರು ಮಾಡಿದರು ಅಂತ ನನಗೆ ಗೊತ್ತಿರುತ್ತದೆ.

ಸರಿ, ಕೊಡಿಸಬೇಕಾ ಬೇಡವಾ? ತೋಟದ ಮೇಲೆ ಸಾಲ ಎತ್ತಿ ಆದರೆ ಖಂಡಿತ ಬೇಡ. ಕೈಯಲ್ಲಿ ದುಡ್ಡಿದ್ದು, ಮಗಳು ಅದನ್ನು ವಾರದಲ್ಲಿ ನಾಲ್ಕು ದಿನ ಹಿಡಿದು ಓಡಾಡುವವಳಾದರೆ ಕೊಡಿಸಿ. ಅವಳ ಆಫೀಸಿನಲ್ಲಿ ಅದನ್ನು ಗುರುತಿಸುವವರು ಇದ್ದಾರೆ, ಅವಳಿಗೆ ಅದರ ಖುಷಿ ಸಿಗುತ್ತದೆ. ಕಪಾಟಿನಲ್ಲಿಟ್ಟು ವರ್ಷಕ್ಕೆರಡು ಸಲ ತೆಗೆಯುವುದಾದರೆ ಸುಮ್ನೆ ದುಡ್ಡು ದಂಡ. ಅದರ ಬದಲು ಹದಿನೈದು-ಇಪ್ಪತ್ತು ಸಾವಿರದ ಒಳ್ಳೆ ಚರ್ಮದ ಬ್ಯಾಗು ಕೊಡಿಸಿ, ಉಳಿದದ್ದನ್ನು ಬಂಗಾರಕ್ಕೆ ಹಾಕಿ. ಹೀಗೆ ಹೇಳಿದೆ ಅಂತ ಮಗಳಿಗೆ ಹೇಳಬೇಡಿ.

ಯಾವುದೇ ಬೆಲೆಯದಾಗಲಿ, ಅಂಗಡಿಯಲ್ಲಿ ಬ್ಯಾಗನ್ನು ಮೊದಲು ಒಳಗಿನಿಂದ ನೋಡಿ. ಒಳಬಟ್ಟೆ ಎಳೆದಂತೆ ಸುಕ್ಕಾಗಿರಬಾರದು. ಮೂಲೆಗಳಲ್ಲಿ ಅಂಟು ಇಣುಕಬಾರದು. ಚರ್ಮವನ್ನು ಬೆರಳಿನಿಂದ ಒತ್ತಿ. ಅಸಲಿ ಮೇಲ್ಪದರವಾದರೆ ಸಣ್ಣ ಸಣ್ಣ ಸುಕ್ಕು ಎದ್ದು, ಬಿಟ್ಟಾಗ ಮಾಯವಾಗುತ್ತದೆ. ಮೇಲೆ ಬಣ್ಣದ ಪದರ ಬಳಿದು ಅಚ್ಚೊತ್ತಿದ್ದಾದರೆ ಪ್ಲಾಸ್ಟಿಕ್ಕಿನ ಹಾಗೆ ಒಟ್ಟಿಗೇ ತಗ್ಗುತ್ತದೆ, ಗೆರೆಗಳೂ ಎಲ್ಲ ಕಡೆ ಒಂದೇ ತರ ಇರುತ್ತವೆ. ಹಿಡಿಕೆಯ ಅಂಚಿಗೆ ಬಳಿದ ಬಣ್ಣವನ್ನು ಸ್ವಲ್ಪ ಬಗ್ಗಿಸಿ ನೋಡಿ, ಬಿರುಕು ಬಿಟ್ಟರೆ ಅಲ್ಲೇ ವಾಪಸ್ ಇಡಿ. ಕೈಹೊಲಿಗೆಯದು ಅಂದರೆ ಕೇಳಿ: ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಹಾಕಿ ಹೊಲಿದದ್ದಾ? ಫ್ರಾನ್ಸಿನ ಹರ್ಮೆಸ್ ಕಂಪನಿಯವರು ಕುದುರೆ ಜೀನಿನ ಕಾಲದಿಂದ ಹೊಲಿಯುವುದು ಹಾಗೇ. ಒಂದು ಕಡೆ ದಾರ ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಮಿಷನ್ ಹೊಲಿಗೆ ಒಂದು ಕಡೆ ಬಿಟ್ಟರೆ ಉದ್ದಕ್ಕೂ ಬಿಚ್ಚಿಕೊಳ್ಳುವ ಭಯ ಇದೆ.

ಬಣ್ಣ ಕಂದು ಇಲ್ಲವೇ ಕಪ್ಪು ಇರಲಿ. 2021ರ ಹೊತ್ತಿಗೆ ಇದೇ ಬೊಟ್ಟೆಗಾದವರ ಕಣ್ಣಿಗೆ ಹೊಡೆಯುವ ಹಸಿರು ಎಲ್ಲರ ಕೈಯಲ್ಲೂ ಓಡಾಡಿತು. ಅಂಥ ಬಣ್ಣ ಲೋಗೋಗಿಂತ ಜೋರಾಗಿ ಕೂಗುತ್ತದೆ, ಫ್ಯಾಷನ್ ಹೋದ ಮೇಲೆ ವರ್ಷವನ್ನೂ ಹೇಳುತ್ತದೆ. ಬಿಲ್ಲು, ಬಟ್ಟೆಯ ಚೀಲ, ಡಬ್ಬಿ ಮೂರನ್ನೂ ಜೋಪಾನ ಮಾಡಿ. ಹೊರಗೆ ಹೆಸರಿಲ್ಲದ್ದನ್ನು ನಾಳೆ ಮಾರುವಾಗ ಅಸಲಿ ಅನ್ನೋದಕ್ಕೆ ಅವೇ ಸಾಕ್ಷಿ.

ಕೊನೆಯದಾಗಿ ನಮ್ಮ ಮಳೆ. ಮೆತ್ತಗಿನ ಕುರಿಮರಿ ಚರ್ಮಕ್ಕೆ ತೀರ್ಥಹಳ್ಳಿಯ ಆಷಾಢ ಆಗಿಬರುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಕೆಲವೇ ದಿನದಲ್ಲಿ ಬೂಷ್ಟು ಬರುತ್ತದೆ. ಹೆಣಿಗೆಯ ಸಂದಿಯಲ್ಲಿ ಕೂತ ಬೂಷ್ಟನ್ನು ಒರೆಸಿ ತೆಗೆಯುವುದು ದೊಡ್ಡ ತಲೆನೋವು. ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ, ಒಳಗೆ ಬಿಳಿ ಬಟ್ಟೆ ತುಂಬಿ, ಗಾಳಿಯಾಡುವ ಕಡೆ ಇಡಬೇಕು. ನ್ಯೂಸ್‌ಪೇಪರ್ ತುಂಬಬೇಡಿ, ಮಸಿ ಹತ್ತುತ್ತದೆ. ಬಿಸಿಲಿಗೂ ಒಲೆಯ ಹತ್ತಿರವೂ ಬೇಡ, ಚರ್ಮ ಸೆಟೆದುಕೊಳ್ಳುತ್ತದೆ. ಎಲ್ಲಕ್ಕಿಂತ ಸುಲಭ ಅಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಿಗೆ ಬರುವಾಗ ಅದನ್ನು ಬೆಂಗಳೂರಲ್ಲೇ ಬಿಟ್ಟು ಬಾ ಅಂತ ಮಗಳಿಗೆ ಈಗಲೇ ಹೇಳಿಬಿಡಿ.